ದೇವರ ಹೆಸರಿದ್ದ ಹಾಳೆಗಳು

ಮೊನ್ನೆ ಹಿತ್ತಲ ಬಾಗಿಲಲ್ಲಿ ಕೂತು ವರ್ಷದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅರ್ಧ ಮೊರ ಮುಗಿದಿತ್ತು. ಹರಿಹರದಿಂದ ತಮ್ಮ ಪ್ರಕಾಶನ ಫೋನು ಬಂತು. ಕೈಯೆಲ್ಲ ಅಂಟು. ಮೊಣಕೈಯಿಂದಲೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಅಕ್ಕಾ, ಅಂಗಡ್ಯಾಗೆ ರದ್ದಿ ಪೇಪರ್ ಇವತ್ತಿಗೆ ಬಂದ್ ಮಾಡಿದ್ವಿ ನೋಡು. ಹೆಸರು ಹಾಕ್ಸಿ ಕವರ್ ಪ್ರಿಂಟ್ ಮಾಡ್ಸೀನಿ. ಭಾಳ ಚೆಂದ ಬಂದಾವೆ."

"ಒಳ್ಳೇದಾತು ಬಿಡಪ್ಪ. ಶಾಯಿ ಪೇಪರಿನಾಗೆ ಬಿಸಿ ಮಿರ್ಚಿ ಕೊಡಬ್ಯಾಡ ಅಂತ ಎಷ್ಟು ಸಲ ಹೇಳಿದ್ದೆ."

"ಹೇಳ್ತಿದ್ದಿ, ಹೇಳ್ತಿದ್ದಿ. ಊರಿಗೆಲ್ಲ ಆ ಶಾಯಿ ತಿನ್ಸಿದೋಳು ನೀನೇ" ಎಂದು ನಕ್ಕು ಫೋನಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ಅವನಿನ್ನೂ ತೊಟ್ಟಿಲಲ್ಲಿದ್ದ ವರ್ಷ ಆ ಅಂಗಡಿಯಿಂದ ಹೋದ ಪೊಟ್ಟಣಗಳಲ್ಲಿ ಮುಕ್ಕಾಲು ಪಾಲು ನನ್ನ ಕೈಯಲ್ಲಿ ಮಡಿಚಿದ್ದು. ಅಷ್ಟೇ ಅಲ್ಲ, ಮಡಿಚುವ ಮೊದಲು ನಾನು ಓದಿದ್ದು.

ಆಗ ಯಾವ ಅಂಗಡಿಗೆ ಹೋದರೂ ಸಾಮಾನು ಕಾಗದದಲ್ಲೇ ಮನೆಗೆ ಬರುತ್ತಿತ್ತು. ಸಕ್ಕರೆಯನ್ನು ಡಬ್ಬಿಗೆ ಸುರಿದು ಪೊಟ್ಟಣ ಬಿಡಿಸಿ, ಬೆಲ್ಲದ ಅಂಟು ಹತ್ತಿದ ಕಡೆ ಬಿಟ್ಟು ಉಳಿದದ್ದನ್ನು ಓದಿದವರು ನಿಮ್ಮಲ್ಲೂ ಬೇಕಾದಷ್ಟು ಜನ ಇದ್ದೀರಿ. ನಮ್ಮದು ಹರಿಹರದ ಬಸ್ ಸ್ಟ್ಯಾಂಡಿಗೆ ಹತ್ತಿರದ ಮಂಡಕ್ಕಿ ಅಂಗಡಿ. ಮುಂದಿನ ಕೋಣೆ ಅಂಗಡಿ, ಹಿಂದಿನ ಮೂರು ಕೋಣೆ ಮನೆ. ದಾವಣಗೆರೆಯ ಭಟ್ಟಿಯಿಂದ ಮಂಡಕ್ಕಿ ಚೀಲ ಬರುತ್ತಿತ್ತು. ಅದೇ ಗಾಡಿಯಲ್ಲಿ ರದ್ದಿ ಕಾಗದದ ಮೂಟೆಯೂ ಬರುತ್ತಿತ್ತು. ಚೀಲ ಬಿಚ್ಚಿದರೆ ಬಿಸಿ ಮರಳಿನ ವಾಸನೆ, ಮೂಟೆ ಬಿಚ್ಚಿದರೆ ಹಳೇ ಧೂಳಿನ ವಾಸನೆ. ಎರಡೂ ನನಗೆ ಇವತ್ತಿಗೂ ಇಷ್ಟ.

ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಹದಿನೈದು ದಿನ ಇರುವಾಗ ನನಗೆ ಕಾಮಾಲೆ ಬಂತು. ಕಣ್ಣು ಅರಿಸಿನ. ಎಣ್ಣೆ ಬೇಡ, ಖಾರ ಬೇಡ. ಮಿರ್ಚಿ ಕರಿಯುವ ಮನೆಯಲ್ಲಿ ಮೂರು ತಿಂಗಳು ಮಜ್ಜಿಗೆ ಅನ್ನ ತಿಂದವಳು ನಾನು! ಬಾಣಲೆಯಿಂದ ಘಮ ಬಂದಾಗಲೆಲ್ಲ ಸೆರಗಿಲ್ಲದ ನನಗೆ ಅಮ್ಮನ ಸೆರಗೇ ಮೂಗಿಗೆ. ಪರೀಕ್ಷೆ ತಪ್ಪಿಹೋಯಿತು. ಹೆಡ್ ಮೇಡಂ ಅಪ್ಪನನ್ನು ಕರೆಸಿ, ಜೂನಿನಲ್ಲಿ ಬಂದು ಮತ್ತೆ ಏಳನೇ ಕ್ಲಾಸಿಗೇ ಕೂರಲಿ ಎಂದರು. ಅಷ್ಟರಲ್ಲಿ ಮೇ ತಿಂಗಳಲ್ಲಿ ಪ್ರಕಾಶ ಹುಟ್ಟಿದ. ಅಮ್ಮ ಬಾಣಂತಿ. ನನಗೂ ಇನ್ನೂ ನಿಶ್ಶಕ್ತಿ.

"ಈ ವರ್ಷ ಬ್ಯಾಡ" ಎಂದರು ಅಪ್ಪ. "ಮುಂದಿನ ವರ್ಷ ನೋಡಾಣ."

ಅಪ್ಪನ 'ನೋಡಾಣ' ಎಂಥದು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಗಡಿ ಮುಂದೆ ತಗಡು ಹಾಕಿಸುವುದೂ ಆರು ವರ್ಷದಿಂದ 'ನೋಡಾಣ'ದಲ್ಲೇ ಇತ್ತು. ನನ್ನ ಜೊತೆಯವರು ನೀಲಿ ಲಂಗ ಹಾಕಿಕೊಂಡು ಹೈಸ್ಕೂಲಿಗೆ ಹೋಗುವುದನ್ನು ಕಟ್ಟೆಯ ಮೇಲೆ ಕೂತು ನೋಡಿದೆ. ಮತ್ತೆ ಶಾಲೆಗೆ ಹೋಗಬೇಕು, ಅದೊಂದೇ ನನ್ನ ಆಸೆ. ಬೇರೆ ಏನನ್ನೂ ನಾನು ದೇವರಲ್ಲಿ ಕೇಳುತ್ತಿರಲಿಲ್ಲ.

ಆ ದಿನಗಳಲ್ಲಿ ಅಜ್ಜಿ ನನ್ನ ಕೈಗೆ ಒಂದು ಕೆಲಸ ಕೊಟ್ಟಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಅಕ್ಷರ ಬಾರದವಳು. ಲಿಂಗಪೂಜೆ ಆಗದೆ ನೀರು ಮುಟ್ಟದವಳು. ಅವಳಿಗೆ ಒಂದು ನೇಮವಿತ್ತು. ನಮ್ಮ ಅಂಗಡಿಯ ಪೊಟ್ಟಣದಲ್ಲಿ ದೇವರ ಹೆಸರಾಗಲಿ ಚಿತ್ರವಾಗಲಿ ಇರಬಾರದು. ಜನ ಮಂಡಕ್ಕಿ ತಿಂದು ಕಾಗದ ಎಸೆಯುತ್ತಾರೆ, ಅದು ಬಸ್ ಸ್ಟ್ಯಾಂಡಿನಲ್ಲಿ ನೂರು ಜನರ ಕಾಲಡಿ ಹೋಗುತ್ತದೆ. ಅಂಥ ಹಾಳೆಯನ್ನು ಆರಿಸಿ, ಕಣ್ಣಿಗೊತ್ತಿ, ದೇವರ ಕೋಣೆಯ ಟ್ರಂಕಿನಲ್ಲಿ ಇಡಬೇಕು. ಯುಗಾದಿಗೆ ಮುಂಚೆ ಹೊಳೆಗೆ ಬಿಡಬೇಕು. ತಾತ ಇರುವಷ್ಟು ದಿನ ಅವರೇ ಆರಿಸುತ್ತಿದ್ದರಂತೆ. ತಾತ ಹೋದ ಮೇಲೆ ಅಪ್ಪ ಚಿತ್ರವಿದ್ದ ಹಾಳೆಗಳನ್ನಷ್ಟೇ ತೆಗೆದಿಡುತ್ತಿದ್ದರು. ಗಿರಾಕಿ ನಿಂತಿರುವಾಗ ಓದುತ್ತ ಕೂರಲು ಅವರಿಗೆ ಪುರುಸೊತ್ತೆಲ್ಲಿ?

"ಗಿರ್ಜಿ, ನೀನು ಓದಾಕ ಬಲ್ಲಿ. ಒಂದೂ ಬಿಡಬ್ಯಾಡ. ಅಕ್ಷರ ಅಕ್ಷರ ನೋಡು" ಎಂದಳು ಅಜ್ಜಿ.

ಓದು ಎಂದು ಯಾರಾದರೂ ಹೇಳಿದರೆ ಆಟಕ್ಕೆ ಓಡುವ ವಯಸ್ಸು. ನನಗೆ ಮಾತ್ರ ಅದು ದೇವರ ಕೆಲಸವಾಗಿ ಬಂತು!

ಮೊದಲನೇ ವಾರವೇ ಪೇಚಾಟ. ನಮ್ಮ ಸೀಮೆಯಲ್ಲಿ ದೇವರ ಹೆಸರಿಲ್ಲದ ಮನುಷ್ಯ ಎಲ್ಲಿ ಸಿಗುತ್ತಾನೆ? ಟೆಂಡರ್ ನೋಟೀಸಿನ ಕೆಳಗೆ ಬಸವರಾಜಪ್ಪ, ಪಾಸಾದವರ ಪಟ್ಟಿಯಲ್ಲಿ ಮಲ್ಲಿಕಾರ್ಜುನ, ಓಟಿಗೆ ನಿಂತವನು ವೀರಭದ್ರಪ್ಪ, ಹೊಲಿಗೆ ಕ್ಲಾಸಿನ ಜಾಹೀರಾತಿನಲ್ಲಿ ಪಾರ್ವತಮ್ಮ. ನಾನು ಭಯಭಕ್ತಿಯಿಂದ ಎಲ್ಲವನ್ನೂ ಕಣ್ಣಿಗೊತ್ತಿ ಟ್ರಂಕಿಗೆ ಹಾಕಿದೆ. ಗುರುವಾರದ ಹೊತ್ತಿಗೆ ಅಂಗಡಿಯಲ್ಲಿ ಕಟ್ಟಲು ಕಾಗದವೇ ಇಲ್ಲ. ಭಾನುವಳ್ಳಿ ಬಸ್ಸಿನ ಕಂಡಕ್ಟರು ಅಪ್ಪನ ಮುಂದೆ ಟವೆಲ್ಲು ಒಡ್ಡಿ, "ಶೇಖರಪ್ಪ, ಇದರಾಗೇ ಹಾಕು. ಬಸ್ ಹೊಂಟೈತೆ" ಎಂದ.

ಅಪ್ಪ ಒಳಗೆ ಬಂದವರೇ, "ಯವ್ವಾ, ಹಿಂಗಾದ್ರೆ ಗಿರಾಕಿಗೆ ಬೊಗಸಿ ಒಡ್ರಿ ಅನ್ಬೇಕಾಗುತ್ತೆ" ಎಂದು ಕೂಗಾಡಿದರು.

ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ತೀರ್ಪು ಕೊಟ್ಟಳು. "ಸಹಿ ಹಾಕಿದೋನು, ಪಾಸಾದೋನು, ಓಟಿಗೆ ನಿಂತೋನು, ಸತ್ತೋನು, ಇವರ್ಯಾರೂ ದೇವ್ರಲ್ಲ. ಹೆಸರು ಬರೀ ಕರಿಯಾಕ. ದೇವ್ರು ದೇವ್ರಾಗೇ ಇದ್ರೆ ತೆಗೆದಿಡು."

ಅಂದಿನಿಂದ ದೇವರು ಯಾವುದು, ಮನುಷ್ಯ ಯಾವುದು ಎಂದು ತಿಳಿಯಲು ಇಡೀ ಹಾಳೆ ಓದಲೇಬೇಕಾಯಿತು.

ಏನೇನು ಓದಿದೆ ಎಂದು ಹೇಳಲಿ! ದಾವಣಗೆರೆ ವಿದ್ಯಾನಗರದ ಹಾಸ್ಟೆಲುಗಳು ಬೇಸಿಗೆಯಲ್ಲಿ ಖಾಲಿಯಾದಾಗ ಹುಡುಗರ ನೋಟ್ಸ್ ಮೂಟೆಗಟ್ಟಲೆ ಬರುತ್ತಿತ್ತು. ಮೂಳೆಗಳ ಹೆಸರು ಬರೆಯುತ್ತ ಬರೆಯುತ್ತ ಒಬ್ಬ ಅಂಚಿನಲ್ಲಿ 'ಹಸಿವು' ಎಂದು ಬರೆದು ಎರಡು ಗೆರೆ ಎಳೆದಿದ್ದ. ಅವನು ಈಗ ಎಲ್ಲೋ ದೊಡ್ಡ ಡಾಕ್ಟರಾಗಿರಬೇಕು, ಹೊಟ್ಟೆ ತುಂಬಿರಲಿ. ವಾರಪತ್ರಿಕೆ, ಪಂಚಾಂಗದ ಚೂರು, ಕೃಷಿ ಇಲಾಖೆಯ ಕರಪತ್ರ, ವಕೀಲರ ಕಾಗದ, ಸಿಮೆಂಟ್ ಹೇಗೆ ಮಾಡುತ್ತಾರೆ, ಜೇನು ಹೇಗೆ ಸಾಕುತ್ತಾರೆ, ಶನಿಗ್ರಹದ ಸುತ್ತ ಬಳೆಗಳು ಯಾಕಿವೆ. ಹಾಳೆ ಮುಂದಿನದು ಇದ್ದರೆ ಹಿಂದಿನದು ಇಲ್ಲ. ಅರ್ಧ ಅಡುಗೆ ಓದಿ ಹಾಲಿನ ಬರ್ಫಿ ಮಾಡಹೋದೆ. ಉಳಿದರ್ಧ ಯಾವ ಊರಿನಲ್ಲಿ ಯಾರ ಮಂಡಕ್ಕಿ ಕಟ್ಟಿತೋ. ನನ್ನ ಬರ್ಫಿ ಗಟ್ಟಿಯಾಗಲೇ ಇಲ್ಲ. ಅಮ್ಮ ಅದನ್ನು ಲೋಟಕ್ಕೆ ಹಾಕಿಕೊಟ್ಟಳು, ಎಲ್ಲರೂ ಕುಡಿದೆವು. ಕಸೂತಿಯ ನವಿಲಿನ ನಮೂನೆ ಸಿಕ್ಕಿತು, ಅದನ್ನು ಪ್ರಕಾಶನ ಕುಲಾವಿಗೆ ಹಾಕಿದೆ. ಪಕ್ಕದ ಮನೆಯ ಶಾರದಾ ಶಾಲೆಯಿಂದ ಬಂದ ಮೇಲೆ ಕಟ್ಟೆಯ ಮೇಲೆ ಅಣ್ಣೆಕಲ್ಲು ಆಡುತ್ತ ಅವಳು ಅವತ್ತಿನ ಪಾಠ ಹೇಳಿದರೆ, ನಾನು ಅವತ್ತಿನ ಮೂಟೆ ಹೇಳುತ್ತಿದ್ದೆ. ನನ್ನ ಮೂಟೆಯೇ ಹೆಚ್ಚು ರುಚಿ ಎಂದು ಅವಳೇ ಒಪ್ಪುತ್ತಿದ್ದಳು.

ಒಮ್ಮೆ ಭಾನುವಳ್ಳಿಯ ಒಬ್ಬ ರೈತರು ಮಂಡಕ್ಕಿ ತಿನ್ನುತ್ತ, ಎತ್ತು ಜೊಲ್ಲು ಸುರಿಸಿಕೊಂಡು ಕುಂಟುತ್ತಿದೆ ಎಂದು ಅಪ್ಪನ ಹತ್ತಿರ ಅಲವತ್ತುಕೊಂಡರು. ನಾನು ಒಳಗಿನಿಂದಲೇ, "ಕಾಲುಬಾಯಿ ಜ್ವರ ಇರಬೇಕ್ರಿ. ಬ್ಯಾರೆ ದನದ ಜೊತಿ ಬಿಡಬ್ಯಾಡ್ರಿ. ಪಟಿಕದ ನೀರಾಗೆ ಕಾಲು ಬಾಯಿ ತೊಳೀರಿ. ಡಾಕ್ಟ್ರಿಗೆ ಹೇಳಿ ಕಳಿಸ್ರಿ" ಎಂದೆ.

"ಯಾರಿದು, ದನದ ಡಾಕ್ಟ್ರವ್ವ?" ಎಂದು ಅವರು ನಕ್ಕರು. ಆದರೆ ಮುಂದಿನ ಸಂತೆಗೆ ಬಂದಾಗ ಒಂದು ಕುಂಬಳಕಾಯಿ ತಂದು ಕಟ್ಟೆಯ ಮೇಲಿಟ್ಟು, "ಡಾಕ್ಟ್ರವ್ವಗೆ" ಎಂದರು. ಅವತ್ತು ನನಗಾದ ಹೆಮ್ಮೆ ಮುಂದೆ ನನ್ನ ಮದುವೆಯ ದಿನವೂ ಆಗಲಿಲ್ಲ. ಇದ್ದದ್ದು ಹೇಳುತ್ತೇನೆ.

ಆ ಕರಪತ್ರವನ್ನು ಪೊಟ್ಟಣ ಮಾಡಲು ಕೈ ಬರಲಿಲ್ಲ. ಅದರಲ್ಲಿ ದೇವರ ಹೆಸರಿರಲಿಲ್ಲ. ಆದರೂ ಕಣ್ಣಿಗೊತ್ತಿದೆ. ಟ್ರಂಕಿಗೆ ಹಾಕಿದೆ. ಮಡಿಯಿಲ್ಲದೆ ಯಾರೂ ಮುಟ್ಟದ ದೇವರ ಕೋಣೆಯ ಟ್ರಂಕಿಗಿಂತ ಭದ್ರವಾದ ಜಾಗ ಆ ಮನೆಯಲ್ಲಿ ಇರಲಿಲ್ಲ. ಒಂದು ಹಾಳೆ ಹೋದ ಮೇಲೆ ಇನ್ನೊಂದಕ್ಕೆ ದಾರಿಯಾಯಿತು. ಶನಿಗ್ರಹ ಹೋಯಿತು, ನವಿಲು ಹೋಯಿತು, ಜೇನು ಹೋಯಿತು. ಒಂದು ಪತ್ತೇದಾರಿ ಧಾರಾವಾಹಿಯ ಕಂತುಗಳು ಹಿಂದುಮುಂದಾಗಿ ಸಿಗುತ್ತಿದ್ದವು. ಮಾದೇವಪ್ಪ ಎಂಬ ಸಾಹುಕಾರನ ಕೊಲೆ, ಅಡಿಗೆಯವಳ ಮೇಲೆ ಸಂಶಯ. ಅವನ್ನೂ ದಾರದಲ್ಲಿ ಕಟ್ಟಿ ತಳದಲ್ಲಿಟ್ಟೆ. ಯುಗಾದಿಗೆ ಮುಂಚೆ ನನ್ನವನ್ನು ಬೇರೆ ತೆಗೆದುಕೊಂಡರಾಯಿತು ಎಂದುಕೊಂಡಿದ್ದೆ.

"ದೇವರ ಹಾಳಿನಾ ಗಿರ್ಜಿ?" ಎಂದು ಅಜ್ಜಿ ಕೇಳುವಳು.

"ಹ್ಞೂಂ ಅಜ್ಜಿ."

ಅವಳೂ ಆ ಹಾಳೆ ಇಸಿದುಕೊಂಡು ಕಣ್ಣಿಗೊತ್ತುವಳು. ಅದೊಂದು ಮಾತ್ರ ನನಗೆ ಚುಚ್ಚುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಮ್ಮ ಅಪ್ಪನನ್ನು ಕೇಳಿದಳು. "ಜೂನ್‌ಗೆ ಹುಡುಗೀನ ಕಳಸಾದು ಹೆಂಗೆ ಮಾಡ್ತೀರಿ?"

"ಇವಳು ಹೋದ್ರೆ ಹಾಳಿ ಆರ್ಸೋರು ಯಾರು? ಅವ್ವ ಸುಮ್ನಿರ್ತಾಳಾ? ನನ್ನ ಕೈಲಿ ಆಗಲ್ಲ. ನಿನಗೆ ಕೂಸು. ಇವಳು ಎಷ್ಟು ಅಚ್ಚುಕಟ್ಟಾಗಿ ಮಾಡ್ತಾಳೆ ನೋಡು. ಓದಿನ ಚಟ ಇಲ್ಲೇ ತೀರುತ್ತಲ್ಲ."

ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ. ನಾನು ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ನನ್ನ ಶಾಲೆ ಹೋಗಿತ್ತು. ಹೋಗಿ ದೇವರ ಕೋಣೆಯಲ್ಲಿ ಟ್ರಂಕಿಗೆ ಒರಗಿ ಕೂತೆ. ಅಳು ಕೂಡ ಬರಲಿಲ್ಲ.

ಯುಗಾದಿಗೆ ಇನ್ನೂ ಹತ್ತು ದಿನವಿತ್ತು. ಒಂದು ಸೋಮವಾರ ಬೆಳಿಗ್ಗೆ ಅಯ್ನೋರು ಜೋಳಿಗೆ ಹಾಕಿಕೊಂಡು ಭಿಕ್ಷಕ್ಕೆ ಬಂದರು. ನಮ್ಮ ಮನೆತನದ ಜಂಗಮರು, ನಗುಮುಖದವರು. ಪ್ರತಿ ವರ್ಷ ಟ್ರಂಕಿಗೆ ವಿಭೂತಿ ಹಚ್ಚಿ, ಹಾಳೆಗಳನ್ನು ಹೊಳೆಗೆ ಬಿಡುವವರು ಅವರೇ.

"ಬರ್ರಿ ಅಯ್ನೋರೆ, ಕೂಡ್ರಿ" ಎಂದು ಅಜ್ಜಿ ಕಂಬಳಿ ಹಾಸಿದಳು. "ನಾಳೆ ನಾಡಿದ್ದು ಅನ್ನಾದು ಬ್ಯಾಡ. ಇವತ್ತೇ ಬಿಟ್ಟು ಬಂದ್ಬಿಡ್ರಿ. ಶೇಖರ ಜೊತಿಗೆ ಬರ್ತಾನೆ."

ನನ್ನ ಹಾಳೆಗಳನ್ನು ನಾನಿನ್ನೂ ಬೇರೆ ತೆಗೆದಿರಲಿಲ್ಲ. ಅಪ್ಪ ಟ್ರಂಕು ಎತ್ತಲು ಹೋದರು. ಅದು ಅಲುಗಲಿಲ್ಲ. ಅಯ್ನೋರೂ ಒಂದು ಕೈ ಹಾಕಿದರು.

"ಏನಜ್ಜಿ, ಈ ವರ್ಷ ದೇವ್ರು ಭಾಳ ತೂಕ ಆಗ್ಯಾನೆ!"

ನಗುತ್ತಲೇ ಮುಚ್ಚಳ ತೆಗೆದು ಕೈಗೆ ಸಿಕ್ಕ ಹಾಳೆ ಎತ್ತಿಕೊಂಡು ಓದಿದರು. "ಕಾಲುಬಾಯಿ ಜ್ವರದ ಲಕ್ಷಣಗಳು." ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಇದ್ಯಾವ ದೇವ್ರವ್ವಾ?"

ಅಜ್ಜಿ ನನ್ನ ಕಡೆ ತಿರುಗಿದಳು. ಅಪ್ಪ ತಿರುಗಿದರು.

"ಎತ್ತು ಐತಲ್ರಿ ಅಯ್ನೋರೆ" ಎಂದೆ. "ಎತ್ತು ಅಂದ್ರೆ ಬಸವಣ್ಣ ಅಲ್ಲೇನ್ರಿ?"

ಅಯ್ನೋರು ಗಹಗಹಿಸಿ ನಕ್ಕರು. "ಹೌದಪ್ಪ, ಬಸವಣ್ಣನೇ." ಇನ್ನೊಂದು ತೆಗೆದರು. "ಇದು?"

"ಶನಿ, ಗುರು, ಚಂದ್ರ. ನವಗ್ರಹ ಅಲ್ಲೇನ್ರಿ?"

"ಈ ಕಸೂತಿ?"

"ನವಿಲು ಐತ್ರಿ. ಷಣ್ಮುಖನ ವಾಹನ."

"ಈ ಬರ್ಫಿ?"

"ಅನ್ನಪೂರ್ಣಮ್ಮ."

ಅಪ್ಪನ ಮೀಸೆಯ ಕೆಳಗೆ ನಗು ಬಂದಿದ್ದನ್ನು ನೋಡಿದೆ. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅಯ್ನೋರ ಕೈ ತಳಕ್ಕೆ ಹೋಯಿತು. ದಾರ ಕಟ್ಟಿದ ಕಂತುಗಳು ಮೇಲೆ ಬಂದವು. ಎರಡು ಸಾಲು ಮನಸ್ಸಿನಲ್ಲೇ ಓದಿಕೊಂಡು, ನಗು ನಿಲ್ಲಿಸಿದರು.

"ಇದು ಕೊಲೆ ಕತಿ ಐತಲ್ಲವ್ವಾ." ನಾನು ಸುಮ್ಮನೆ ನಿಂತಿದ್ದು ಕಂಡು ಅವರೇ ದಾರಿ ತೋರಿಸಿದರು, ಪುಣ್ಯಾತ್ಮರು. "ಸತ್ತೋನ ಹೆಸರು ಮಾದೇವಪ್ಪ ಅಂತ ಐತೆ. ಅದಕ್ಕೇ ಇಟ್ಟಿರಬೇಕು. ಅಲ್ಲೇನು?"

ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಣ್ಣ ಹುಡುಗಿಗೆ ತಿಳಿಯಲಿಲ್ಲ ಎಂದು ಎಲ್ಲರೂ ನಕ್ಕು ಬಿಡುತ್ತಿದ್ದರು. ನಾನು ಮತ್ತೆ ಮೂಟೆ ಬಿಚ್ಚಿಕೊಂಡು ಕೂರುತ್ತಿದ್ದೆ, ಈ ವರ್ಷ, ಮುಂದಿನ ವರ್ಷ, ಮದುವೆಯಾಗುವ ತನಕ. ಅಜ್ಜಿಯ ಮುಖ ನೋಡಿದೆ. ಆ ದಾರದ ಕಟ್ಟನ್ನೂ ಅವಳು ಒಂದಲ್ಲ ನಾಲ್ಕು ಸಲ ಕಣ್ಣಿಗೊತ್ತಿದ್ದಳು.

"ಇಲ್ರಿ" ಎಂದೆ. "ಸತ್ತೋನು ದೇವ್ರಲ್ಲ ಅಂತ ಅಜ್ಜಿ ಮೊದ್ಲೇ ಹೇಳಿದ್ಲು. ಇದರಾಗೆ ದೇವ್ರಿಲ್ಲ. ಮುಂದೇನಾತು ಅಂತ ತಿಳಿಯಾಕ ಇಟ್ಕೊಂಡೀನಿ. ಅಜ್ಜಿಗೆ ಸುಳ್ಳು ಹೇಳಿದೆ."

ಅಪ್ಪನ ಮುಖ ಕೆಂಪಾಯಿತು. "ದೇವರ ಹೆಸರಾಗೆ ಸುಳ್ಳು ಹೇಳ್ತೀಯೇನೇ" ಎಂದು ಒಂದು ಹೆಜ್ಜೆ ಮುಂದೆ ಬಂದರು. ಅಜ್ಜಿ ಕೈ ಅಡ್ಡ ಹಿಡಿದಳು.

"ಶೇಖರಾ, ದೇವರ ಕೆಲಸಕ್ಕೆ ಇವಳು ಬ್ಯಾಡ. ಸುಳ್ಳುಬುರಕಿ. ಜೂನ್‌ಗೆ ಸಾಲಿಗೆ ಹಾಕು."

"ಮತ್ತೆ ಹಾಳಿ ಯಾರು ನೋಡ್ತಾರೆ ಯವ್ವಾ?"

"ಯಾರೂ ನೋಡಾದು ಬ್ಯಾಡ. ಹಂಗೇ ಕಟ್ಟು."

ಅಯ್ನೋರು ಕನ್ನಡಕ ತೆಗೆದು ಒರೆಸಿಕೊಂಡರು. ಅಜ್ಜಿ ದಾರದ ಕಟ್ಟನ್ನು ಇಸಿದುಕೊಂಡು ನನ್ನ ಕೈಗೆ ಹಾಕಿದಳು. "ದೇವ್ರಿಲ್ಲದ್ದು ಹೊಳಿಗ್ಯಾಕ? ಇಟ್ಕೋ. ಉಳಿದದ್ದರಾಗೆ ಇದಾನೆ ಅಂತ ನೀನೇ ಹೇಳಿದ್ಯಲ್ಲ, ಅವು ಹೋಗ್ಲಿ."

ಹೀಗೆ ನನ್ನ ಜಾಣತನವೆಲ್ಲ ಹೊಳೆಗೆ ಹೋಯಿತು. ನಾನೂ ಜೊತೆಗೆ ಹೋಗಿದ್ದೆ. ಬೇಸಿಗೆಯ ತುಂಗಭದ್ರೆ, ಮೊಣಕಾಲುದ್ದ ನೀರು. ಎತ್ತಿನ ಹಾಳೆ ಸ್ವಲ್ಪ ದೂರ ತೇಲಿ ಬಂಡೆಗೆ ಒರಗಿ ನಿಂತಿತು, ಆಮೇಲೆ ಒದ್ದೆಯಾಗಿ ಇಳಿಯಿತು. ಶನಿಯ ಬಳೆಗಳು, ಜೇನು, ನವಿಲು ಎಲ್ಲಾ ಹೋದವು. ನಿಜ ಒಪ್ಪಿಕೊಂಡ ಆ ಕೊಲೆ ಕತೆಯೊಂದೇ ಕೈಯಲ್ಲಿ ಉಳಿಯಿತು. ಅದರ ಕೊನೆಯ ಕಂತು ನನಗೆ ಎಂದೂ ಸಿಗಲಿಲ್ಲ. ಸಾಹುಕಾರನನ್ನು ಕೊಂದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಅಡಿಗೆಯವಳಲ್ಲ ಎಂಬುದು ಮಾತ್ರ ನನ್ನ ನಂಬಿಕೆ.

ಜೂನಿನಲ್ಲಿ ಶಾಲೆಗೆ ಹೋದೆ. ನನಗಿಂತ ಗಿಡ್ಡ ಹುಡುಗಿಯರ ನಡುವೆ ಕಡೇ ಬೆಂಚು. ಆದರೆ ಮೇಡಂ ಏನು ಕೇಳಿದರೂ ಮೂಟೆಯಿಂದ ಏನಾದರೊಂದು ಎದ್ದು ಬರುತ್ತಿತ್ತು. ಏಳನೆಯದು ಫಸ್ಟ್ ಕ್ಲಾಸು, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ಅಲ್ಲಿಗೆ ಓದು ನಿಂತಿತು, ಮದುವೆಯಾಯಿತು. ಆದರೂ ಆ ನಾಲ್ಕು ವರ್ಷ ನನಗೆ ಸಿಕ್ಕಿತಲ್ಲ. ಸಿಗದೇ ಹೋದವರು ನಮ್ಮ ಓಣಿಯಲ್ಲೇ ಎಷ್ಟು ಜನ ಇದ್ದರು. ಇವತ್ತು ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಬೀದಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ, ಮಾತ್ರೆಯ ಚೀಟಿ ಓದಬೇಕಾದರೂ "ಗಿರಿಜಕ್ಕನ ಕೇಳ್ರಿ" ಎನ್ನುತ್ತಾರೆ. ಅಷ್ಟು ಸಾಕು, ಶಿವ ಕೊಟ್ಟದ್ದು.

ಅಜ್ಜಿ ಅವತ್ತು ನನಗೆ ಕೊಟ್ಟದ್ದು ಶಿಕ್ಷೆ ಎಂದೇ ಬಹಳ ವರ್ಷ ತಿಳಿದಿದ್ದೆ. ಅವಳು ಲಿಂಗೈಕ್ಯಳಾದ ಮೇಲೆ, ಹನ್ನೊಂದನೇ ದಿನದ ಅಡಿಗೆಗೆ ಕೂತಾಗ ಅಮ್ಮ ಹೇಳಿದಳು. "ನೀನು ಸ್ಕೂಲಿಗೆ ಹೋದ ದಿನದಿಂದ ಅತ್ತೆ ಮಂಡಕ್ಕಿ ಬಿಟ್ಟಿದ್ರು. ಸಂಜಿ ಆದ್ರೆ ಮೊಸರು ಹಾಕ್ಕೊಂಡು ಒಂದು ಬಟ್ಲು ತಿನ್ನೋರು, ಅದು ಅವರಿಗೆ ಜೀವ. ಹಲ್ಲಿಲ್ಲ ಅಂತ ನಿಮಗೆಲ್ಲ ಹೇಳ್ತಿದ್ರು. ನನ್ನ ಹತ್ರ ಮಾತ್ರ ಅಂದ್ರು, ದೇವ್ರು ಕಾಲಡಿಗೆ ಹೋಗಲಿ ಅಂತ ನಾನೇ ಹೇಳೀನಿ, ಆ ಅಂಗಡಿ ಕಾಳು ಇನ್ನು ನನಗೆ ಬ್ಯಾಡ ಅಂತ."

ಹಲ್ಲಿಲ್ಲದವರೂ ಮೊಸರಿನಲ್ಲಿ ನೆನೆದ ಮಂಡಕ್ಕಿ ತಿನ್ನಬಹುದು. ಅದು ನಮಗ್ಯಾರಿಗೂ ಹೊಳೆದಿರಲಿಲ್ಲ.

ನಾನೂ ಈಗ ನೇಮದವಳು. ಸೋಮವಾರ ಒಪ್ಪೊತ್ತು, ಇಪ್ಪತ್ತೆಂಟು ವರ್ಷದಿಂದ ತಪ್ಪಿಸಿಲ್ಲ. ಒಂದು ಸೋಮವಾರ ಬಿಡು ಎಂದರೆ ನನ್ನ ಕೈಲಿ ಆಗುವುದಿಲ್ಲ. ಜೀವಮಾನದ ನೇಮವನ್ನು ಒಂದು ಹುಡುಗಿಯ ಪಾಟೀಚೀಲಕ್ಕೋಸ್ಕರ ಎರಡು ಮಾತಿನಲ್ಲಿ ಬಿಟ್ಟು, ಅದರ ಪಾಪವನ್ನು ಯಾರ ಮೇಲೂ ಹಾಕದೆ ತಾನೇ ಹೊತ್ತುಕೊಂಡ ಹೆಂಗಸು ಅವಳು. ಅಂಥವಳ ಮೊಮ್ಮಗಳು ನಾನು ಎಂದು ಎದೆ ಉಬ್ಬುತ್ತದೆ. ಅವಳಿರುವಾಗ ಒಂದು ದಿನವೂ ಹಾಗೆ ಹೇಳಲಿಲ್ಲವಲ್ಲ ಎಂದು ಅಷ್ಟೇ ಕುಗ್ಗುತ್ತದೆ. ಈಗ ಬೆಳಿಗ್ಗೆ ಎದ್ದರೆ ಫೋನಿಗೆ ಹತ್ತಾರು ದೇವರ ಚಿತ್ರ ಬರುತ್ತವೆ. ಜಾಗ ಸಾಲದು ಎಂದು ಮಗಳು ಒಂದೇ ಸಲಕ್ಕೆ ಎಲ್ಲಾ ಅಳಿಸಿಹಾಕುತ್ತಾಳೆ. ತಪ್ಪು ಎನ್ನಲಾರೆ, ಅವಳಿಗೆ ಅವಳ ಕೆಲಸ. ಆದರೆ ಓದಲು ಬಾರದಿದ್ದರೂ ಒಂದೊಂದು ಹಾಳೆಯನ್ನೂ ಕೈಗೆತ್ತಿಕೊಂಡು ಕಣ್ಣಿಗೊತ್ತಿ ಇಡುತ್ತಿದ್ದ ಆ ಕೈ ನಮ್ಮ ಮನೆಗಳಲ್ಲಿ ಇನ್ನು ಇಲ್ಲ.

ಬಿಸಿಲು ಹಿತ್ತಲಿನಿಂದ ಸರಿದಿತ್ತು. ಎದ್ದು ಕೈ ತೊಳೆದುಕೊಂಡು, ಜೋಳದ ಹಿಟ್ಟು ಜರಡಿ ಹಿಡಿದು, ರೊಟ್ಟಿಗೆ ಎಸರಿಟ್ಟೆ.